ಮೊದಲ ಕಲ್ಲು ಬೀಳುವ ಮುನ್ನ: ಧರಣಿ ಕೂರುವವರಿಗೆ ಒಂದಿಷ್ಟು ತಯಾರಿ

ಏಪ್ರಿಲ್ ತಿಂಗಳ ಉರಿಬಿಸಿಲು. ತಾಲ್ಲೂಕು ಕಚೇರಿಯ ಮುಂದೆ ಮುನ್ನೂರು ಜನ, ಅರ್ಧಕ್ಕರ್ಧ ಖಾಲಿ ಕೊಡ ಹಿಡಿದ ಹೆಂಗಸರು. ಊರಿಗೆ ನಲವತ್ತು ದಿನದಿಂದ ನಲ್ಲಿ ನೀರಿಲ್ಲ. ಮುಖಂಡರು ಐವರೂ ಮನವಿ ಕೊಡಲು ಒಳಗೆ ಹೋದರು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಕೂತಿರಿ ಎಂದರು ಗುಮಾಸ್ತರು. ಐವರೂ ಕೂತರು. ಹೊರಗೆ ಮೈಕ್ ಹಿಡಿಯುವವರಿಲ್ಲ, ಶಾಮಿಯಾನ ಇಲ್ಲ, ನೀರು ಕೇಳಲು ಬಂದವರಿಗೆ ಕುಡಿಯಲು ಒಂದು ಲೋಟ ನೀರೂ ಇಲ್ಲ. ಒಂದೂವರೆ ತಾಸು ಕಳೆಯಿತು. ಯಾರೋ ಒಬ್ಬ ಹುಡುಗ ಮೆಟ್ಟಿಲ ಮೇಲಿನ ಹೂಕುಂಡಕ್ಕೆ ಒದ್ದ. ಅದು ಉರುಳಿ ಒಡೆದ ಸದ್ದಿಗೆ ಇನ್ನೊಬ್ಬನ ಕೈ ಕಲ್ಲಿಗೆ ಹೋಯಿತು. ಕಿಟಕಿ ಗಾಜು ಪುಡಿಯಾಯಿತು.

ಮರುದಿನದ ಪತ್ರಿಕೆಯಲ್ಲಿ ಬಂದದ್ದು ಗಾಜಿನ ಸುದ್ದಿ. ನಲವತ್ತು ದಿನದ ನೀರಿನ ಮಾತು ಕೊನೆಯ ಸಾಲಿನಲ್ಲಿ ಎಲ್ಲೋ ಇತ್ತು. ಹದಿನೇಳು ಜನರ ಮೇಲೆ ಕೇಸಾಯಿತು.

ಆ ದಿನ ಕೊಡ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಆಮೇಲೆ ಬೇರೆ ಬೇರೆ ಧರಣಿಗಳಲ್ಲಿ ಮೈಕ್ ಕಟ್ಟಿದ್ದೇನೆ, ಮನವಿ ಬರೆದಿದ್ದೇನೆ, ಎರಡು ಸಲ ಪೊಲೀಸ್ ಬಸ್ಸು ಹತ್ತಿದ್ದೇನೆ. ನನಗೆ ಕಂಡದ್ದು ಇಷ್ಟು: ಹಿಂಸೆ ಹುಟ್ಟುವುದು ಬಹುಪಾಲು ಸಿದ್ಧಾಂತದಿಂದಲ್ಲ, ಬಿಸಿಲು, ಹಸಿವು, ಕಾಯುವಿಕೆ ಮತ್ತು ಮುಂದಾಳಿಲ್ಲದ ಗುಂಪಿನಿಂದ. ಹಾಗಾಗಿ ಶಾಂತಿಯುತ ಪ್ರತಿಭಟನೆ ಮದುವೆ ಮನೆಯಷ್ಟೇ ತಯಾರಿ ಬೇಡುವ ಕೆಲಸ.

ಹಕ್ಕು ಎಲ್ಲಿಂದ ಬಂತು, ಎಲ್ಲಿಗೆ ನಿಲ್ಲುತ್ತದೆ

ಸಂವಿಧಾನದ 19ನೇ ವಿಧಿಯ ಒಂದನೇ ಖಂಡದಲ್ಲಿ ಮೂರು ಮಾತು ನಿಮಗೆ ಬೇಕಾದವು: ಮಾತು ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ, ಶಾಂತಿಯುತವಾಗಿ ಆಯುಧವಿಲ್ಲದೆ ಸೇರುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ. 'ಶಾಂತಿಯುತವಾಗಿ, ಆಯುಧವಿಲ್ಲದೆ' ಎಂಬ ಷರತ್ತು ಹಕ್ಕಿನ ಒಳಗೇ ಇದೆ. ಕಲ್ಲು ಎತ್ತಿದ ಕ್ಷಣಕ್ಕೆ ಆ ಹಕ್ಕು ನಿಮ್ಮ ಕೈಯಿಂದ ಜಾರುತ್ತದೆ, ಬೇರೆ ಯಾರೂ ಕಸಿಯಬೇಕಾಗಿಲ್ಲ. ಇನ್ನೊಂದು ಸಂಗತಿ, ಈ ವಿಧಿ ನಾಗರಿಕರಿಗೆ ಮಾತ್ರ. ನಿಮ್ಮ ಕಾಲೇಜಿನಲ್ಲಿ ಓದುವ ವಿದೇಶಿ ಗೆಳೆಯನನ್ನು ಉತ್ಸಾಹದಲ್ಲಿ ಮೆರವಣಿಗೆಗೆ ಎಳೆದು ತರಬೇಡಿ. ಅವನ ವೀಸಾಕ್ಕೆ ತೊಂದರೆಯಾದೀತು.

ದೇಶದ ಸಾರ್ವಭೌಮತೆ, ಸಮಗ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರ್ಕಾರ 'ಸಮಂಜಸ' ನಿರ್ಬಂಧ ಹಾಕಬಹುದು. ಸಮಂಜಸ ಎಂದರೆ ಎಷ್ಟು? 1972ರ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ರಸ್ತೆಯ ಮೇಲಿನ ಸಭೆಯನ್ನು ನಿಯಂತ್ರಿಸಬಹುದು, ಬೀದಿಯಲ್ಲಿ ಸಭೆಯೇ ಕೂಡದು ಎಂದು ಸಾರಾಸಗಟು ತಳ್ಳಿಹಾಕುವಂತಿಲ್ಲ. ಇನ್ನೊಂದು ಕಡೆಯ ಗೆರೆ ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿ ಕುರಿತ 2020ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ: ಪ್ರತಿಭಟನೆ ಹಕ್ಕು ನಿಜ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವುದು ಹಕ್ಕಲ್ಲ. ಈ ಎರಡು ಗೆರೆಗಳ ನಡುವಿನ ಜಾಗ ನಿಮ್ಮದು. ಸಾಕಷ್ಟು ದೊಡ್ಡ ಜಾಗವೇ.

ಮೊದಲು ಬೇಡಿಕೆ, ಆಮೇಲೆ ಬ್ಯಾನರ್

ಬ್ಯಾನರ್ ಪ್ರಿಂಟಿಗೆ ಕೊಡುವ ಮೊದಲು ಒಂದು ಹಾಳೆ ತೆಗೆದು ಮೂರು ಸಾಲು ಬರೆಯಿರಿ. ಏನು ಬೇಕು, ಯಾರು ಕೊಡಬಲ್ಲರು, ಎಷ್ಟು ದಿನದೊಳಗೆ. ಹದಿನಾಲ್ಕು ಬೇಡಿಕೆಗಳ ಮನವಿ ಪತ್ರವನ್ನು ಅಧಿಕಾರಿಗಳು ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅದರಲ್ಲಿ ಹದಿಮೂರನ್ನು ಬಿಟ್ಟುಬಿಡಬಹುದು. ಬೇಡಿಕೆ ಸ್ಪಷ್ಟವಾಗಿದ್ದರೆ ಜನಕ್ಕೆ ಎಲ್ಲಿ ನಿಲ್ಲಬೇಕು, ಎಲ್ಲಿ ಏಳಬೇಕು ಎಂಬುದೂ ಗೊತ್ತಿರುತ್ತದೆ. ಸ್ಪಷ್ಟವಿಲ್ಲದ ಸಿಟ್ಟು ಎದುರಿಗೆ ಕಂಡ ಗಾಜಿನ ಮೇಲೆ ಬೀಳುತ್ತದೆ.

ಧರಣಿಗೆ ಮುನ್ನ ಲಿಖಿತ ಮನವಿ ಕೊಟ್ಟು, ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಜ್ಞಾಪನ ಪತ್ರ. ಈ ಎರಡು ಸೀಲಿನ ಹಾಳೆಗಳು ಮುಂದೆ ಕೋರ್ಟಿನಲ್ಲಿ, ಪತ್ರಕರ್ತರ ಮುಂದೆ, 'ಇವರು ಏಕಾಏಕಿ ಬೀದಿಗಿಳಿದರು' ಎಂಬ ಮಾತಿಗೆ ಉತ್ತರ.

ಯಾವ ಬಗೆಯ ಹೋರಾಟ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ರಸ್ತೆ ತಡೆ, ಮುತ್ತಿಗೆ, ಬಂದ್ ಎಂಬ ಮೂರು ಮಾತು ಬಿಟ್ಟರೆ ನಮಗೆ ನಾಲ್ಕನೆಯದು ನೆನಪಾಗುವುದೇ ಇಲ್ಲ. ಈ ನೆಲದ ಹೋರಾಟಗಾರರಿಗೆ ಇದಕ್ಕಿಂತ ಹೆಚ್ಚು ಕಲ್ಪನೆ ಇತ್ತು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳ ಭೂಮಿಯ ಸತ್ಯಾಗ್ರಹವಾಗಿ ಬೆಳೆಯಿತು. ಗೇಣಿದಾರರು ಮಾಡಿದ್ದು ಸರಳ. ತಂಡ ತಂಡವಾಗಿ ನೇಗಿಲು ಹೊತ್ತು ತಾವು ಉಳುತ್ತಿದ್ದ ಹೊಲಕ್ಕೇ ಇಳಿಯುವುದು, ಪೊಲೀಸರು ಬಂದರೆ ಬಂಧನಕ್ಕೆ ಒಳಗಾಗುವುದು, ಮರುದಿನ ಇನ್ನೊಂದು ತಂಡ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಉಳುವವನನ್ನು ಉತ್ತದ್ದಕ್ಕೆ ಹಿಡಿಯುವ ಆ ನೋಟವೇ ಸಾಕಿತ್ತು, ಭಾಷಣ ಬೇಕಿರಲಿಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಲ್ಕಣಿ ಕಾಡಿನಲ್ಲಿ ಜನ ಮರಗಳನ್ನು ತಬ್ಬಿ ನಿಂತರು, ಅಪ್ಪಿಕೋ ಚಳವಳಿ ಅಲ್ಲಿಂದ ಹುಟ್ಟಿತು. 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ: ಗೋಮಾಳದಲ್ಲಿ ಹಾಕಿದ್ದ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಅದೇ ಗುಂಡಿಗೆ ಊರಿಗೆ ಬೇಕಾದ ಸಸಿ ನೆಟ್ಟರು. ಕೀಳುವುದರ ಜೊತೆಗೆ ನೆಡುವುದೂ ಇತ್ತು ಎಂಬುದು ಮುಖ್ಯ.

ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಜೀವವಿಲ್ಲದ ವಸ್ತುವಿಗೆ ಮಾಡುವ ಹಾನಿ ಹಿಂಸೆಯಲ್ಲ ಎಂಬುದು ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ನಿಲುವಾಗಿತ್ತು. ಅವರು ಕಾನೂನು ಕಲಿಸಿದವರು, ಯೋಚಿಸದೆ ಹೇಳಿದ ಮಾತಲ್ಲ. ಆದರೂ ನಾನು ಒಪ್ಪಲಾರೆ. ಕಡತಕ್ಕೆ ಬೆಂಕಿ ಹಚ್ಚುವಾಗ ಪಕ್ಕದ ಕೋಣೆಯಲ್ಲಿ ಕೂತ ಸಂಬಳದ ಗುಮಾಸ್ತನಿಗೆ ಆ ಸೂಕ್ಷ್ಮ ವ್ಯತ್ಯಾಸ ತಿಳಿಯುವುದಿಲ್ಲ. ಕಾನೂನಂತೂ ಒಪ್ಪುವುದೇ ಇಲ್ಲ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಲ್ಲಿ ಸರ್ಕಾರಿ ಬಸ್ಸಿಗೆ ಹಾನಿ ಮಾಡಿದರೆ ಕನಿಷ್ಠ ಆರು ತಿಂಗಳಿಂದ ಐದು ವರ್ಷದವರೆಗೆ, ಬೆಂಕಿ ಹಚ್ಚಿದರೆ ಒಂದರಿಂದ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ಕರ್ನಾಟಕದ್ದೇ ಆದ 1981ರ ಕಾಯ್ದೆ ಬೇರೆ ಇದೆ. ನಷ್ಟ ವಸೂಲಿಯೂ ಆಗುತ್ತದೆ. 2020ರ ಆಗಸ್ಟ್‌ನ ಡಿ.ಜೆ. ಹಳ್ಳಿ ಗಲಭೆಯ ನಂತರ ಹಾನಿ ಅಂದಾಜಿಸಲು ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿತು.

2016ರ ಸೆಪ್ಟೆಂಬರ್ 12 ನೆನಪಿರಬಹುದು. ಕಾವೇರಿ ನೀರಿಗಾಗಿ ಮಂಡ್ಯದ ರೈತರು ದಿನಗಟ್ಟಲೆ ಹೆದ್ದಾರಿಯಲ್ಲಿ ಕೂತಿದ್ದರು. ಆ ದಿನ ಬೆಂಗಳೂರಿನ ಒಂದೇ ಡಿಪೋದಲ್ಲಿ ನಲವತ್ತಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಸುಟ್ಟುಹೋದವು. ದೇಶದ ಟಿ.ವಿ.ಗಳಲ್ಲಿ ಮಂಡ್ಯದ ಒಣಗಿದ ಗದ್ದೆ ಕಾಣಲಿಲ್ಲ, ಬಸ್ಸಿನ ಹೊಗೆ ಕಂಡಿತು.

ಈಸೂರನ್ನು ಎತ್ತಿ ಆಡುವವರಿದ್ದಾರೆ: 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಶಿವಮೊಗ್ಗ ಜಿಲ್ಲೆಯ ಆ ಊರಿನಲ್ಲಿ ಅಮಲ್ದಾರ, ಅಂದರೆ ತಾಲ್ಲೂಕಿನ ಅಧಿಕಾರಿ, ಜನರ ಕೈಯಲ್ಲಿ ಸತ್ತ, ಐವರು ಗಲ್ಲಿಗೇರಿದರು, ಅವರನ್ನು ನಾವು ಹುತಾತ್ಮರೆನ್ನುವುದಿಲ್ಲವೇ? ಎನ್ನುತ್ತೇವೆ. ಆದರೆ ಅವರಿಗೆ ಮತವಿರಲಿಲ್ಲ, 19ನೇ ವಿಧಿ ಇರಲಿಲ್ಲ, ಸರ್ಕಾರದ ಆದೇಶವನ್ನು ಹೊಡೆದು ಹಾಕುವ ಹೈಕೋರ್ಟ್ ಇರಲಿಲ್ಲ. ಅವರ ಕಾಲದ ಅಳತೆಗೋಲು ಹಿಡಿದು ಇವತ್ತು ಬಿಎಂಟಿಸಿ ಬಸ್ಸಿಗೆ ಕಲ್ಲು ಹೊಡೆಯುವುದಕ್ಕೆ ಸಮರ್ಥನೆ ಹುಡುಕಬಾರದು.

ಬಂದ್ ಬಗ್ಗೆ ಎರಡೇ ಮಾತು. ಜನರನ್ನು ಒತ್ತಾಯದಿಂದ ಮನೆಯಲ್ಲಿ ಕೂರಿಸುವ ಬಂದ್ ಅಸಾಂವಿಧಾನಿಕ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಗಡಿಯವನು ತಾನಾಗಿ ಷಟರ್ ಎಳೆದರೆ ಅದು ಅವನ ಅಭಿವ್ಯಕ್ತಿ, ನೀವು ಎಳೆಸಿದರೆ ನಿಮ್ಮ ಅಪರಾಧ.

ಠಾಣೆಗೆ ಹೋಗುವುದು

ಕನಿಷ್ಠ ಒಂದು ವಾರ ಮೊದಲು ಹೋಗಿ. ಅರ್ಜಿಯಲ್ಲಿ ದಿನ, ಸಮಯ, ಜಾಗ, ಮೆರವಣಿಗೆಯ ದಾರಿ, ಅಂದಾಜು ಜನ, ಮೈಕ್ ಬಳಕೆ, ಇಬ್ಬರು ಜವಾಬ್ದಾರರ ಹೆಸರು ಮತ್ತು ಫೋನು ಇರಲಿ. ಜನಸಂಖ್ಯೆ ಉಬ್ಬಿಸಬೇಡಿ. ಐದು ಸಾವಿರ ಎಂದು ಬರೆದರೆ ಅಷ್ಟಕ್ಕೆ ತಕ್ಕ ಪೊಲೀಸರು ಬರುತ್ತಾರೆ, ಇನ್ನೂರು ಜನರ ಸುತ್ತ ನಾನೂರು ಲಾಠಿ ನಿಂತರೆ ಗಾಳಿಯೇ ಬೇರೆಯಾಗುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಅಹೋರಾತ್ರಿ ಧರಣಿಯಾದರೆ ರಾತ್ರಿ ತಮಟೆ, ಮೈಕ್ ಎರಡೂ ಬೇಡ.

ಬೆಂಗಳೂರಿನಲ್ಲಿ 2021ರ ಪೊಲೀಸ್ ಆದೇಶದಂತೆ ಪ್ರತಿಭಟನೆಗೆ ಗೊತ್ತುಮಾಡಿದ ಜಾಗ ಫ್ರೀಡಂ ಪಾರ್ಕ್. ಹಳೆಯ ಸೆಂಟ್ರಲ್ ಜೈಲು ಅದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜಾಗದಲ್ಲೇ ಈಗ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ರಾತ್ರಿ ಮಲಗುತ್ತಾರೆ. ಇಡೀ ನಗರಕ್ಕೆ ಒಂದೇ ಮೂಲೆ ಎಂಬ ಏರ್ಪಾಡು ನನಗೆ ರುಚಿಸುವುದಿಲ್ಲ, ಸಮಸ್ಯೆ ಇರುವ ಬೀದಿಯಲ್ಲಿ ಕೂಗಿದ್ದಕ್ಕೂ ಪಾರ್ಕಿನೊಳಗೆ ಕೂಗಿದ್ದಕ್ಕೂ ವ್ಯತ್ಯಾಸವಿದೆ. ಆದರೆ ಆದೇಶ ಇರುವಷ್ಟು ದಿನ ಅದನ್ನು ತಿಳಿದೇ ಹೆಜ್ಜೆ ಇಡಿ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ 'ಆಗಲ್ಲ ಹೋಗ್ರಿ'ಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಕಷ್ಟ.

ನಿಷೇಧಾಜ್ಞೆ ಬಿದ್ದರೆ

ಎಲ್ಲರೂ ಇನ್ನೂ '144 ಸೆಕ್ಷನ್' ಎಂದೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಆದೇಶದ ಪ್ರತಿ ಕೇಳಿ ಪಡೆಯಿರಿ. ಯಾವ ಪ್ರದೇಶ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಏನು ಕಾರಣ ಎಂದು ಓದಿ. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಅದು ನಡೆಯದು. ಇಂಥ ಆದೇಶವನ್ನು ಪ್ರಕಟಿಸಬೇಕು, ಕಾರಣ ಕೊಡಬೇಕು, ನ್ಯಾಯವಾದ ಅಭಿಪ್ರಾಯವನ್ನು ಹತ್ತಿಕ್ಕಲು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ.

2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗೆ ಮುನ್ನ ಬೆಂಗಳೂರಿನಲ್ಲಿ ನಿಷೇಧಾಜ್ಞೆ ಬಿತ್ತು. ಟೌನ್ ಹಾಲ್ ಮುಂದೆ ಭಿತ್ತಿಪತ್ರ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದ ದೃಶ್ಯ ಎಲ್ಲರೂ ನೋಡಿದ್ದೇವೆ. ಅದೇ ದಿನ ಅದೇ ಟೌನ್ ಹಾಲ್ ಮುಂದೆ ಒಬ್ಬ ಡಿಸಿಪಿ ಮೈಕ್ ಹಿಡಿದು ಜನರ ಜೊತೆ ರಾಷ್ಟ್ರಗೀತೆ ಹಾಡಿದರು, ಜನ ಎದ್ದು ಹೊರಟರು. ಮಂಗಳೂರಿನಲ್ಲಿ ಅದೇ ದಿನ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಒಂದೇ ರಾಜ್ಯ, ಒಂದೇ ದಿನ. ಬೆಂಗಳೂರಿನ ಆ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಆಜ್ಞೆ ತಪ್ಪು ಎನ್ನಿಸಿದರೆ ದಾರಿ ಅದು, ಹೈಕೋರ್ಟಿಗೆ ರಿಟ್ ಅರ್ಜಿ. ಆಜ್ಞೆಯನ್ನು ತಿಳಿದೂ ಮುರಿಯುತ್ತೀರಾದರೆ ಅದು ಸತ್ಯಾಗ್ರಹ. ಬಂಧನ ಅದರ ಒಂದು ಭಾಗ ಎಂದು ಬಂದವರಿಗೆಲ್ಲ ಮೊದಲೇ ಹೇಳಿಬಿಡಿ. ಗೊತ್ತಿಲ್ಲದೆ ಬಂದ ಅಜ್ಜಿಯನ್ನು ಬಸ್ಸು ಹತ್ತಿಸಬೇಡಿ.

ಆ ದಿನ

ಮೂವತ್ತು ಜನಕ್ಕೊಬ್ಬ ಸ್ವಯಂಸೇವಕ, ತೋಳಿಗೆ ಒಂದೇ ಬಣ್ಣದ ಪಟ್ಟಿ. ಮುಂದಿನ ಸಾಲಿನಲ್ಲಿ ಬಿಸಿರಕ್ತದ ಹುಡುಗರು ಬೇಡ, ಹಿರಿಯರು ಕೂರಲಿ. ಹುಡುಗರಿಗೆ ಕೆಲಸ ಕೊಡಿ: ನೀರು ಹಂಚು, ಟ್ರಾಫಿಕ್ ಬಿಡು, ಆಂಬುಲೆನ್ಸ್ ಬಂದರೆ ದಾರಿ ಮಾಡು. ಬಾವುಟದ ಕೋಲು ತೆಳ್ಳಗಿನ ಬೆತ್ತದ್ದಿರಲಿ, ದಪ್ಪ ದೊಣ್ಣೆ ದೂರದಿಂದ ಆಯುಧವಾಗಿಯೇ ಕಾಣುತ್ತದೆ. ಬೆಳಿಗ್ಗೆಯೇ ಜಾಗಕ್ಕೆ ಹೋಗಿ ಸುತ್ತಲಿನ ಜಲ್ಲಿಕಲ್ಲು, ಒಡೆದ ಇಟ್ಟಿಗೆ ಎತ್ತಿಸಿಬಿಡಿ. ನಗಬೇಡಿ, ಒಂದು ಟ್ರ್ಯಾಕ್ಟರ್ ಜಲ್ಲಿ ಪಕ್ಕದಲ್ಲಿ ಬಿದ್ದಿದ್ದಕ್ಕೇ ಹಾಳಾದ ಧರಣಿ ನಾನು ನೋಡಿದ್ದೇನೆ.

ಮೈಕ್ ಎಂದೂ ಖಾಲಿ ಬಿಡಬೇಡಿ. ಮುಖಂಡರು ಒಳಗೆ ಹೋದರೆ ಹೊರಗೆ ಒಬ್ಬರಾದರೂ ಉಳಿಯಬೇಕು, ಹೋರಾಟದ ಹಾಡು ಹೇಳುವವರಿದ್ದರೆ ಇನ್ನೂ ಒಳ್ಳೆಯದು. ಮಜ್ಜಿಗೆ, ಮಂಡಕ್ಕಿ, ನೆರಳು. ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಮೊದಲೇ ಘೋಷಿಸಿ ಅಷ್ಟಕ್ಕೇ ಮುಗಿಸಿ. ಕತ್ತಲಾದ ಮೇಲೆ ಉಳಿಯುವ ಗುಂಪು ನೀವು ಕರೆದ ಗುಂಪಲ್ಲ.

ಘೋಷಣೆಗಳನ್ನು ಮೊದಲೇ ಬರೆದು ಓದಿ ನೋಡಿ. ವ್ಯಕ್ತಿಯ ಜಾತಿ, ಧರ್ಮ, ಮನೆಯ ಹೆಂಗಸರು ಘೋಷಣೆಯೊಳಗೆ ನುಸುಳಿದರೆ ಅಲ್ಲಿಗೆ ನಿಮ್ಮ ಬೇಡಿಕೆ ಸತ್ತಿತು.

ಒಂದು ಕಲ್ಲು ಹಾರಿತು ಅನ್ನಿ

ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 189ರ ಪ್ರಕಾರ ಐದು ಅಥವಾ ಹೆಚ್ಚು ಜನ ಅಪರಾಧದಂಥ ಸಮಾನ ಉದ್ದೇಶದಿಂದ ಸೇರಿದರೆ ಅಕ್ರಮ ಕೂಟ. ಶಾಂತಿಯಿಂದ ಶುರುವಾದ ಸಭೆಯೂ ನಡುವೆ ಅಕ್ರಮ ಕೂಟವಾಗಬಹುದು. ಕಲಂ 191ರಂತೆ ಆ ಕೂಟದ ಯಾರೇ ಒಬ್ಬ ಸಮಾನ ಉದ್ದೇಶಕ್ಕಾಗಿ ಬಲ ಪ್ರಯೋಗಿಸಿದರೆ ಸದಸ್ಯರೆಲ್ಲರ ಮೇಲೂ ದೊಂಬಿಯ ಆರೋಪ ಬರುತ್ತದೆ. ಪೊಲೀಸರ ಜೊತೆ ತಳ್ಳಾಟವಾದರೆ ಕಲಂ 132, ಅಂದರೆ ಎಲ್ಲರ ಬಾಯಲ್ಲಿರುವ 'ಕರ್ತವ್ಯಕ್ಕೆ ಅಡ್ಡಿ', ಸೇರಿಕೊಳ್ಳುತ್ತದೆ. ಎಸೆದವನು ಯಾರೋ, ಅಲೆಯುವವರು ನೀವು.

ಆದ್ದರಿಂದ ಕ್ಷಣವೂ ತಡಮಾಡದೆ ಮೈಕ್‌ನಲ್ಲಿ ಹೇಳಿ: 'ಕಲ್ಲು ಹೊಡೆದವರು ನಮ್ಮವರಲ್ಲ, ಎಲ್ಲರೂ ಇದ್ದಲ್ಲೇ ಕೂತುಕೊಳ್ಳಿ.' ಕೂರುವುದು ಮಂತ್ರದಂಥ ಉಪಾಯ. ಕೂತವರ ನಡುವೆ ನಿಂತವನು ತಾನಾಗಿ ಎದ್ದು ಕಾಣುತ್ತಾನೆ, ಓಡುವ ಕಾಲ್ತುಳಿತ ನಿಲ್ಲುತ್ತದೆ, ಕೂತವರ ಮೇಲೆ ಲಾಠಿ ಎತ್ತಲು ಪೊಲೀಸನಿಗೂ ಕೈ ಬರುವುದಿಲ್ಲ. ಒಂದು ಸಲ ಹೀಗೆ ಕೂರಿಸಿದಾಗ ಇನ್ಸ್‌ಪೆಕ್ಟರ್ ನಮ್ಮ ಹಿರಿಯರ ಹತ್ತಿರ ಬಂದು, 'ಯಜಮಾನ್ರೇ, ಇನ್ನೈದು ನಿಮಿಷದಲ್ಲಿ ಎಬ್ಬಿಸ್ತೀರಾ?' ಎಂದರು. 'ಹತ್ತು ನಿಮಿಷ ಕೊಡಿ ಸಾರ್, ಮುದುಕರಿದ್ದಾರೆ, ಮೊಣಕಾಲು ನೋವು' ಎಂದರು ಇವರು. ಹತ್ತು ನಿಮಿಷ ಸಿಕ್ಕಿತು, ಎಲ್ಲರೂ ಮನೆಗೆ ಹೋದೆವು.

ಚದುರಿ ಎಂಬ ಆದೇಶ ಬಂದರೆ ವಾದ ಬೇಡ. ಅದು ತಪ್ಪು ಆದೇಶವೇ ಇರಬಹುದು, ಅದನ್ನು ನಾಳೆ ವಕೀಲರ ಮೂಲಕ ಪ್ರಶ್ನಿಸಿ. ಆದೇಶದ ನಂತರವೂ ಉಳಿಯುವುದು ಬೇರೆಯೇ ಒಂದು ಅಪರಾಧ. ಯಾವ ದಿಕ್ಕಿಗೆ ಹೊರಡಬೇಕೆಂದು ಬೆಳಿಗ್ಗೆಯೇ ಗೊತ್ತುಮಾಡಿರಿ.

ವ್ಯಾನ್ ಹತ್ತಿಸಿದರೆ

ಬಹಳ ಸಲ ಆಗುವುದು ಮುಂಜಾಗ್ರತಾ ಬಂಧನ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 170. ಯಾವುದೋ ಸಮುದಾಯ ಭವನದಲ್ಲೋ ಪೊಲೀಸ್ ಮೈದಾನದಲ್ಲೋ ಕೂರಿಸಿ, ಹೆಸರು ವಿಳಾಸ ಬರೆದುಕೊಂಡು ಸಂಜೆಗೆ ಬಿಡುತ್ತಾರೆ. ಇದಕ್ಕೂ 24 ಗಂಟೆಯ ಮಿತಿ ಇದೆ. ವ್ಯಾನ್ ಹತ್ತುವಾಗ ಕೈಕಾಲು ಆಡಿಸಬೇಡಿ, ಬೇಕಾದರೆ ಘೋಷಣೆ ಕೂಗಿ.

ನಿಜವಾದ ಬಂಧನವಾದರೆ ಕಾರಣ ತಿಳಿಸಬೇಕು, ನೀವು ಹೇಳಿದ ಸಂಬಂಧಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಹಕ್ಕಿದೆ. ವೈದ್ಯಕೀಯ ತಪಾಸಣೆ ಆಗಬೇಕು, ಪೆಟ್ಟಾಗಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ ಬರೆಸಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಇದು ಸಂವಿಧಾನದ 22ನೇ ವಿಧಿಯಲ್ಲೇ ಇರುವ ಮಾತು. ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಿಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಕಸ್ಟಡಿಯಲ್ಲಿರುವವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಈ ನಂಬರನ್ನೂ ವಕೀಲರ ನಂಬರನ್ನೂ ಪೆನ್ನಿನಲ್ಲಿ ಕೈಮೇಲೆ ಬರೆದುಕೊಳ್ಳಿ. ಫೋನು ಕಸಿದುಕೊಂಡ ಮೇಲೆ ನೆನಪಿಗೆ ಬರುವುದು ಹೆಂಡತಿಯ ನಂಬರ್ ಕೂಡ ಅಲ್ಲ.

ಮುಗಿದ ಮೇಲೂ ಕೆಲಸವಿದೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ಮಳೆಗಾಲ ಕಳೆದವು. 2025ರ ಜೂನ್‌ನಲ್ಲಿ ಪೊಲೀಸರು ಎಬ್ಬಿಸಿದಾಗ ಫ್ರೀಡಂ ಪಾರ್ಕಿಗೆ ಬಂದು ಕೂತರು. ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಇಷ್ಟು ದೀರ್ಘ ಕೂರುವಿಕೆಗೆ ಸರದಿ ಪಟ್ಟಿ ಬೇಕು, ಅಡುಗೆ ಲೆಕ್ಕ ಬೇಕು, ದಿನಚರಿ ಪುಸ್ತಕ ಬೇಕು. ಯಾರು ಬಂದರು, ಅಧಿಕಾರಿ ಏನೆಂದರು, ಯಾವ ದಿನಾಂಕ, ಎಲ್ಲ ಬರೆದಿಡಿ. ಭರವಸೆ ಸಿಕ್ಕರೆ ಸಭೆಯ ನಡಾವಳಿಯ ಪ್ರತಿ ಕೇಳಿ.

ಇಡೀ ಕಾರ್ಯಕ್ರಮವನ್ನು ಇಬ್ಬರು ಬೇರೆ ಬೇರೆ ಮೂಲೆಯಿಂದ ಶುರುವಿನಿಂದ ಕೊನೆಯವರೆಗೆ ವಿಡಿಯೊ ಮಾಡಲಿ. ಅದನ್ನು ಗುಂಪುಗಳಲ್ಲಿ ಹಂಚಬೇಡಿ, ಬಂದವರ ಮುಖಗಳು ಅದರಲ್ಲಿರುತ್ತವೆ. ದಿನಾಂಕ ಹಾಕಿ ಎರಡು ಕಡೆ ಉಳಿಸಿ, ಒಂದು ಪ್ರತಿ ವಕೀಲರ ಬಳಿ ಇರಲಿ.

ನಮ್ಮೂರ ನೀರಿನ ಧರಣಿಯ ಕೇಸು ನಾಲ್ಕು ವರ್ಷ ನಡೆಯಿತು. ಹದಿನೇಳು ಜನರಲ್ಲಿ ಇಬ್ಬರು ಕೊಡ ಹಿಡಿದು ಬಂದ ಹೆಂಗಸರು, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿದರು. ಆ ಮಧ್ಯಾಹ್ನದ ವಿಡಿಯೊ ಹುಡುಕಿದೆವು. ತೆಗೆದವರು ನಾಲ್ಕೈದು ಜನ ಇದ್ದರು, ಯಾರ ಫೋನಿನಲ್ಲೂ ಉಳಿದಿರಲಿಲ್ಲ. ಹೂಕುಂಡಕ್ಕೆ ಒದ್ದ ಹುಡುಗನ ಹೆಸರು ಆ ಹದಿನೇಳರಲ್ಲಿ ಇರಲಿಲ್ಲ.